ಎರಡನೇ ಸಹಿ

"ಇಲ್ಲೊಂದು ಸಹಿ ಹಾಕ್ರಿ ಮೇಡಂ, ಆಮ್ಯಾಲೆ ಒಳಗ ಬರ್ರಿ." ಸುಮಂಗಲಾ ಬಾಗಿಲಲ್ಲೇ ನೋಟುಬುಕ್ಕು ಚಾಚಿದಳು.

ಅವಳಿಗೆ ಮನೋಚಿಕಿತ್ಸೆ ಕೊಡುತ್ತಿದ್ದ ಮೇಘಾ ಚಪ್ಪಲಿ ಬಿಡುತ್ತ ಪುಟ ನೋಡಿದಳು. ದಿನಾಂಕ, 'ಚಾಕು, ಕತ್ತರಿ, ಇಳಿಗಿ ಇಲ್ಲ' ಎಂಬ ಸಾಲು, ಕೆಳಗೆ ದಿನಕ್ಕೆ ಎರಡೆರಡು ಸಹಿ. ಒಂದು ಸುಮಂಗಲಾಳದು. ಎರಡನೆಯದು ಅವಳ ಗಂಡ ಹಣಮಂತನದು. ಮೇಘಾ ಬರುವ ಶುಕ್ರವಾರಗಳಲ್ಲಿ ಮೇಘಾಳದು. ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಸುಮಂಗಲಾ ಆರು ವರ್ಷ ದುಡಿದವಳು. ಅಲ್ಲಿ ಹೊಸ ಔಷಧಿ ಮೇಜಿಗೆ ಬರುವ ಮೊದಲು ಹಳೆಯದರ ಒಂದು ಮಾತ್ರೆಯೂ ಉಳಿದಿಲ್ಲವೆಂದು ಒಬ್ಬರು ಹುಡುಕಿ ಸಹಿ ಹಾಕಬೇಕು, ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಒಳ್ಳೆಯ ಪದ್ಧತಿಯೇ. ಆದರೆ ಹೆತ್ತ ತಾಯಿ ಅದನ್ನು ಮನೆಗೆ ತಂದು, ಎರಡು ವರ್ಷದ ಮಗಳಿರುವ ಕೋಣೆಗೆ ಕಾಲಿಡಲೂ ಎರಡು ಸಹಿ ಬೇಕೆಂದರೆ ಏನು ಹೇಳುವುದು!

ನಾಲ್ಕು ತಿಂಗಳ ಹಿಂದೆ ಸೊಪ್ಪು ಹೆಚ್ಚುವಾಗ ಸುಮಂಗಲಾಳ ತಲೆಗೆ ಒಂದು ಯೋಚನೆ ನುಗ್ಗಿತ್ತು. ಇದೇ ಚಾಕುವನ್ನು ಪ್ರಿಯಾಂಕಾಳ ಕುತ್ತಿಗೆಗೆ ಹಾಕಿಬಿಟ್ಟರೆ? ಮಗಳೆಂದರೆ ಜೀವ ಬಿಡುವವಳ ಎದೆ ಧಸಕ್ಕೆಂದಿತು. ಯೋಚನೆ ಮಾತ್ರ ಹೋಗಲಿಲ್ಲ. ಚಾಕುಗಳನ್ನೆಲ್ಲ ಟ್ರಂಕಿಗೆ ಹಾಕಿಸಿ ಕೀಲಿಯನ್ನು ಹಣಮಂತನ ಉಡಿದಾರಕ್ಕೆ ಕಟ್ಟಿಸಿದಳು. ಅವನಿಲ್ಲದಾಗ ಕೂಸನ್ನು ಪಕ್ಕದ ಮನೆಯಲ್ಲಿ ಬಿಡುತ್ತಿದ್ದಳು. ಮೂರು ತಿಂಗಳಿಂದ ಮಗಳನ್ನು ಎತ್ತಿಕೊಂಡೇ ಇಲ್ಲ. "ತಾಯಿ ಮುಟ್ಟಲಾರದ ಕೂಸು ಅಲ್ಲಿದ್ದೇನು ಫಲ? ಐತವಾರ ಬಂದು ಊರಿಗೆ ಒಯ್ತೀನಿ" ಎಂದು ಅತ್ತೆ ದೇವಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು.

ಇದು ಗೀಳು ಕಾಯಿಲೆ, ಹೀಗೆ ಹೆದರುವವರು ಹಾಗೆ ಮಾಡುವವರಲ್ಲ ಎಂದು ಮೇಘಾ ಮೊದಲ ದಿನವೇ ತಿಳಿಸಿದ್ದಳು. ಹಾಗಾದರೆ ಸಹಿ ಹಾಕಿಕೊಡಿ ಎಂದು ಸುಮಂಗಲಾ ಅತ್ತಾಗ ಮನಸ್ಸು ಕರಗಿ ಹಾಕಿಯೂ ಬಿಟ್ಟಿದ್ದಳು. ಅಲ್ಲಿಂದ ಶುರುವಾಯಿತು ನೋಡಿ, ವಾರ ವಾರವೂ ಹೊಸ ಸಹಿ.

"ತಪ್ಪು ನಂದೇ ಸುಮಂಗಲಾ," ಎಂದಳು ಮೇಘಾ, ಚಾಪೆಯ ಮೇಲೆ ಕೂತು. "ಸಹಿ ಹಾಕಿ ಹಾಕಿ ನಿಮ್ ಭಯಾನ ನಾನೇ ಸಾಕ್ಬಿಟ್ಟೆ. ಇನ್ಮೇಲೆ ಹಾಕಲ್ಲ."

"ಹಂಗಾದ್ರ ನನ್ನ ಯಾರು ನೋಡ್ಕೋಬೇಕ್ರಿ?"

"ಇಬ್ರೂ ಸೇರಿ ದಾರಿ ಹುಡ್ಕೋಣ. ನಮ್ ಪಟ್ಟೀಲಿ ಇವತ್ತು ಯಾವ್ದು ಮಾಡೋಣ? ನೀವೇ ಹೇಳಿ."

ಭಯಗಳನ್ನು ಒಂದೊಂದಾಗಿ ಎದುರಿಸಲೆಂದು ಆ ಪಟ್ಟಿಯನ್ನು ಬರೆದದ್ದೂ ಇಬ್ಬರೂ ಸೇರಿಯೇ. ಯಾವುದಕ್ಕೆ ಎಷ್ಟು ಭಯ ಎಂದು ನೂರಕ್ಕೆ ಅಂಕ ಕೊಟ್ಟವಳು ಸುಮಂಗಲಾ. ಚಾಕು ನೋಡುವುದು ಮೂವತ್ತು, ಹಿಡಿಯುವುದು ಐವತ್ತು, ಅವೆರಡೂ ಆಗಿದ್ದವು. ಈಗ ಅವಳ ಬೆರಳು ನಡುವಿನ ಸಾಲುಗಳನ್ನೆಲ್ಲ ದಾಟಿ ಕೊನೆಯದರ ಮೇಲೆ ನಿಂತಿತು. ಮಗಳೊಬ್ಬಳೇ ಜೊತೆಗಿರುವಾಗ ಸವತೆಕಾಯಿ ಹೆಚ್ಚುವುದು.

"ಅದು ತೊಂಬತ್ತೈದು. ಅಷ್ಟು ಬೇಗ ಬೇಕಾ?"

"ಐತವಾರ ನನ್ನ ಮಗಳನ್ನ ಒಯ್ತಾರ್ರೀ!" ಸುಮಂಗಲಾ ಮೂಲೆಯಲ್ಲಿ ಕೂತಿದ್ದ ಗಂಡನತ್ತಲೂ ತಿರುಗಿದಳು. "ನೀವಿಬ್ರೂ ಹೊರಗ ನಿಂದರ್ರಿ. ನಾ ಕೂಗಿದ್ರ ಬರ್ರಿ."

ಮೇಘಾ ಹಿಂದೆ ಮುಂದೆ ನೋಡಿದಳು. "ಆಯ್ತು. ಕೂಗಿದ್ರೆ ಮಾತ್ರ ಬರ್ತೀನಿ" ಎಂದು ಎದ್ದಳು.

ಹಣಮಂತ ಟ್ರಂಕು ತೆರೆದು ಚಾಕು ಕೊಟ್ಟ. ಪಕ್ಕದ ಮನೆಯಿಂದ ಕೂಸನ್ನು ತಂದು ಚಾಪೆಯ ಮೇಲೆ ಬಿಟ್ಟು, ಹಿಂದಿರುಗಿ ಹಿಂದಿರುಗಿ ನೋಡುತ್ತ ಹೊರಬಂದು ಬಾಗಿಲೆಳೆದುಕೊಂಡ. ವಠಾರದ ಓಣಿಯಲ್ಲಿ ಒಗೆದ ಯೂನಿಫಾರಂಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಮಣೆಯ ಮೇಲೆ ಚಾಕು ಟಕ್ ಟಕ್ ಎನ್ನತೊಡಗಿತು.

"ಮೇಡಂ, ಏನೂ ಆಗೂದಿಲ್ಲಂತ ಖಾತ್ರಿ ಐತೇನ್ರಿ ನಿಮಗ?" ಹಣಮಂತ ಪಿಸುಗುಟ್ಟಿದ.

ಖಾತ್ರಿ ಇದೆ ಎಂದರೆ ಅದೂ ಒಂದು ಸಹಿಯೇ ಎಂದುಕೊಂಡಳು ಮೇಘಾ. "ಅವ್ರ ಮೇಲೆ ನಂಬಿಕೆ ಇದೆ ಹಣಮಂತ ಅವ್ರೇ. ನನ್ ಹತ್ರ ಇರೋದು ಅಷ್ಟೇ."

ಒಳಗೆ ಸದ್ದು ನಿಂತಿತು.

ಅಯ್ಯೋ ದೇವರೇ! ಓದಿದ್ದು, ಇನ್ನೊಬ್ಬರಿಗೆ ಹೇಳಿದ್ದು ಎಲ್ಲವೂ ಮೇಘಾಳ ತಲೆಯಿಂದ ಹಾರಿಹೋಯಿತು. ಒಂದು ಸಲ ಇಣುಕಿದರೆ ಏನು ಮಹಾ? ಒಂದೇ ಸಲ. ಅವಳ ಕೈ ಆಗಲೇ ಚಿಲಕದ ಮೇಲಿತ್ತು. ಅದರ ಮೇಲೆ ಹಣಮಂತನ ಕೈ ಬಿದ್ದು ತಡೆಯಿತು. ಒಳಗೆ ಯಾರೂ ಕೂಗಲಿಲ್ಲ, ಕೂಸು ಅಳಲೂ ಇಲ್ಲ. ಆದರೂ ಮೇಘಾ ಬಾಗಿಲು ತಳ್ಳದೆ ಹಲ್ಲು ಕಚ್ಚಿ ನಿಂತಳು.

"ಯವ್ವಾ," ಎಂದಿತು ಕೂಸಿನ ದನಿ. "ಇನ್ನೊಂದ."

"ತಡಿ ನನ್ನವ್ವಾ," ಸುಮಂಗಲಾಳ ಮಾತು ತಡೆತಡೆದು ಬಂತು. "ಹಿಂಗ ತೊಡಿ ಮ್ಯಾಲೆ ಬಂದು ಕುಂತರ ಹೆಂಗ ಹೆಚ್ಚಲಿ? ಇಳಿ... ಬ್ಯಾಡ. ಇರು, ಅಲ್ಲೇ ಇರು."

ಹಣಮಂತ ಕೈ ತೆಗೆದು ಮೆಟ್ಟಿಲ ಮೇಲೆ ಕುಸಿದು ಕೂತ. ಒಳಗೆ ಟಕ್ ಎಂದಿತು. ತುಸು ಹೊತ್ತು ಬಿಟ್ಟು ಮತ್ತೆ ಟಕ್.