ತಳವಿಲ್ಲದ ಬುಟ್ಟಿ

ಬುಟ್ಟಿಗಳಿಗೂ ಮಾತು ಬರುತ್ತಿದ್ದ ದಿನಗಳಲ್ಲಿ ಒಬ್ಬ ರಾಜನಿದ್ದನಂತೆ. ಅವನಿಗೆ ಉದ್ದ ಕಾಲಿನ ಹುಡುಗಿಯರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಅಂಥವಳೊಬ್ಬಳನ್ನು ಹಿಡಿದು ತರಿಸಿ, ಅರಮನೆಯ ಗೋಡೆಗೆ ತಳವೇ ಇಲ್ಲದ ಬುಟ್ಟಿಯೊಂದನ್ನು ನೇತುಹಾಕಿಸಿ, "ಇದನ್ನು ತುಂಬಿಸು, ಬಾಗಿಲು ತೆಗೆಸುತ್ತೇನೆ" ಎಂದನಂತೆ. ಹುಡುಗಿ ನೀರು ಹೊಯ್ದಳು, ಸೋರಿತು. ಕಾಳು ಸುರಿದಳು, ಉದುರಿತು. ಆಮೇಲೆ?

ಆಮೇಲೆ ಅಜ್ಜಿ ನನ್ನ ಕೈಗೆ ಸೂಜಿ ಕೊಡುತ್ತಿದ್ದಳು, ದಾರ ಪೋಣಿಸಲು. "ಮುಂದಿಂದು ನೀನು ಆ ಬುಟ್ಟಿ ತುಂಬ್ಸಿದ ದಿನ ಹೇಳ್ತೀನಿ."

"ತುಂಬ್ಸೇ ತುಂಬ್ಸ್ತೀನಿ ನೋಡ್ತಿರು" ಎಂದು ಏಳು ವರ್ಷದ ನಾನು ಮಾತು ಕೊಟ್ಟಿದ್ದೆ. ಹನ್ನೊಂದನೆಯ ವಯಸ್ಸಿಗೆ ಶಾಲೆಯ ಅಂಗಳದಲ್ಲಿ ಕಂಬದ ತುದಿಯ ಕಬ್ಬಿಣದ ಬಳೆ, ಅದಕ್ಕೆ ಜೋತುಬಿದ್ದ ತಳವಿಲ್ಲದ ಬಲೆ ನೋಡಿ ನಿಂತಲ್ಲೇ ನಿಂತೆ. ರಾಜನ ಬುಟ್ಟಿ ಇಲ್ಲಿದೆ, ಮತ್ತು ನನ್ನ ಕಾಲು ಉದ್ದ ಇದೆ.

ಅಂದಿನಿಂದ ನನ್ನ ಹೆಸರು ಏಣಿ. ಬಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಗಿಡ್ಡಿಯಾದ, ನಾವು ಗುಂಡುಪಿನ್ನು ಎನ್ನುವ ಹುಡುಗಿ ಇಟ್ಟ ಹೆಸರು ಅದು.

ಈ ವರ್ಷ ಶಾಲೆಯಲ್ಲಿ ನನ್ನ ಕೊನೆಯ ವರ್ಷ. ಶನಿವಾರ ಅಂತರ ಶಾಲಾ ಪಂದ್ಯ. ತಂಡದ ಪಟ್ಟಿ ಗುರುವಾರ ಸಂಜೆ ಐದಕ್ಕೆ ಹೋಗಬೇಕು. ಪಟ್ಟಿಯಲ್ಲಿ ನನ್ನ ಹೆಸರು ಬರಬೇಕಾದರೆ ಕೋಚ್ ಮೇಡಂ ಎರಡು ಷರತ್ತು ಹಾಕಿದ್ದರು. ಒಂದು, ಲೆಕ್ಕದಲ್ಲಿ ಪಾಸು. ಹಿಂದಿನ ಪರೀಕ್ಷೆಯಲ್ಲಿ ನನಗೆ ಬಂದಿದ್ದು ಹತ್ತೊಂಬತ್ತು. ಎರಡು, ಇಡೀ ತಂಡದ ಎದುರು ಸಾಲಾಗಿ ಹತ್ತು ಫ್ರೀ ಥ್ರೋ. ಗೆರೆಯ ಮೇಲೆ ನಿಂತು, ಯಾರೂ ಅಡ್ಡ ಬರದೆ, ಹತ್ತಕ್ಕೆ ಹತ್ತೂ ಬೀಳಬೇಕು.

ಒಬ್ಬಳೇ ಇದ್ದಾಗ ನಾನು ಹದಿನೈದು ಹಾಕುತ್ತೇನೆ. ಚೆಂಡು ಪುಟಿಸುತ್ತಾ, ಗುನುಗುತ್ತಾ, ನನ್ನ ಪಾಡಿಗೆ ನಾನು. ಜನ ಸುತ್ತ ನಿಂತು, ಉಸಿರು ಬಿಗಿಹಿಡಿದು, ಅಂಗಳವೆಲ್ಲ ಗಪ್‌ಚಿಪ್ ಆಯಿತೋ, ನನ್ನ ಮಣಿಕಟ್ಟು ಮರದ ತುಂಡು. ಎರಡು ಸಲ ಪ್ರಯತ್ನಿಸಿದ್ದೆ. ಮೊದಲ ಸಲ ಆರಕ್ಕೆ ನಿಂತೆ, ಎರಡನೆಯ ಸಲ ಏಳಕ್ಕೆ.

"ಕಾನ್ಫಿಡೆನ್ಸ್ ಇಲ್ಲ ನಿಂಗೆ" ಎಂದರು ಕೋಚ್ ಮೇಡಂ. "ಕಾನ್ಫಿಡೆನ್ಸ್ ಇಲ್ಲ" ಎಂದರು ಲೆಕ್ಕದ ಮೇಷ್ಟ್ರು. ಕಾವಲುಗಾರನೂ ಗೇಟು ಹಾಕುತ್ತಾ ಅದನ್ನೇ ಹೇಳಿದ. ಎಲ್ಲರ ಮನೆಯಲ್ಲೂ ಅದು ಡಬ್ಬಿಗಟ್ಟಲೆ ಇದೆಯೇನೋ, ನಾನೊಬ್ಬಳು ತರಲು ಮರೆತಿದ್ದೇನೇನೋ ಎನ್ನುವ ಹಾಗೆ! ಎಲ್ಲಿ ಸಿಗುತ್ತದೆಂದು ಒಬ್ಬರೂ ಹೇಳಲಿಲ್ಲ.

ಒಂದೂವರೆ ತಿಂಗಳು ಕೂತು ಓದಿದೆ. ನಮ್ಮದು ಒಂದೂವರೆ ಕೋಣೆ. ಒಂದರಲ್ಲಿ ನಾವು, ಅರ್ಧದಲ್ಲಿ ಅಮ್ಮನ ಹೊಲಿಗೆ ಅಂಗಡಿ. ಅಮ್ಮನ ಮಿಷನ್ನು ಕಟಕಟ ಓಡುತ್ತಿರುತ್ತದೆ, ಅಜ್ಜಿ ಗುಂಡಿ ಹಾಕುತ್ತಾ ಯಾರ ಕಥೆಯನ್ನೋ ಹೇಳುತ್ತಿರುತ್ತಾಳೆ, ಅಮ್ಮ ಅದರ ನಡುವೆಯೇ ನನ್ನನ್ನು ಬೈಯುತ್ತಿರುತ್ತಾಳೆ. ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕಾಲು ಚಾಚಿ ಲೆಕ್ಕ ಮಾಡಿದೆ. ತುಂಡು ಬಟ್ಟೆಗಳು ಕಾಲ ಮೇಲೆ ಬೀಳುತ್ತಿದ್ದವು. ಸಮೀಕರಣಗಳು ಬಿಡಿಸಿಕೊಳ್ಳುತ್ತಿದ್ದವು.

ಮರುಪರೀಕ್ಷೆಯ ದಿನ ಪಕ್ಕದ ಕೋಣೆಯಲ್ಲಿ ಬಡಗಿಗಳು ಮುರಿದ ಬೆಂಚುಗಳಿಗೆ ಮೊಳೆ ಹೊಡೆಯುತ್ತಿದ್ದರು. "ತಲೆ ಚಿಟ್ಟು ಹಿಡೀತಿದೆ ಸಾರ್" ಎಂದು ಉಳಿದವರು ಗೊಣಗಿದರು. ನಾನು ತಲೆ ಎತ್ತಲಿಲ್ಲ. ಬಿಡಿಸುವುದನ್ನೆಲ್ಲ ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲಿ ಬಿಡಿಸಿ, ಉತ್ತರಗಳನ್ನು ಮಾತ್ರ ನೀಟಾಗಿ ಉತ್ತರಪತ್ರಿಕೆಗೆ ಇಳಿಸಿದೆ.

ಗುರುವಾರ ಮಧ್ಯಾಹ್ನ ಪತ್ರಿಕೆ ಕೊಟ್ಟರು. ಎಪ್ಪತ್ತೆರಡು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೆರೆ. ಕೆಳಗೆ, "ಸ್ವಂತ ಕೆಲಸವಲ್ಲ."

ತರಗತಿಯ ನಲವತ್ತು ತಲೆಗಳು ತಿರುಗಿದವು.

"ಸಾರ್, ಇದು ನಾನೇ ಬರೆದಿದ್ದು."

"ಹಂತಗಳೆಲ್ಲಿ? ಉತ್ತರ ಆಕಾಶದಿಂದ ಉದುರ್ತಾ?" ಮೇಷ್ಟ್ರು ಕೂಗಾಡುವವರಲ್ಲ. ಅದೇ ಕಷ್ಟ. ಕೂಗಾಡುವವರ ಜೊತೆ ಜಗಳವಾದರೂ ಆಡಬಹುದು. "ಮೂರು ತಿಂಗಳ ಹಿಂದೆ ಹತ್ತೊಂಬತ್ತು. ದಿನವಿಡೀ ಚೆಂಡು. ಈಗ ಎಪ್ಪತ್ತೆರಡು. ನೀನೇ ಹೇಳಮ್ಮ, ನಂಬೋ ಹಾಗಿದೆಯಾ?"

"ಈಗಲೇ ಕೊಡಿ, ನಿಮ್ಮೆದುರಿಗೇ ಮಾಡ್ತೀನಿ."

ಕೊಟ್ಟರು. ಸಿಬ್ಬಂದಿ ಕೊಠಡಿಗೆ ಕರೆದು, ಬಾಗಿಲು ಹಾಕಿ, ಮೂರು ಲೆಕ್ಕ ಬರೆದುಕೊಟ್ಟರು. ಆರು ಜನ ಮೇಷ್ಟ್ರುಗಳು ಊಟದ ಡಬ್ಬಿ ಮುಚ್ಚಿಟ್ಟು ನನ್ನನ್ನೇ ನೋಡಿದರು. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ. ಮೊದಲನೆಯದನ್ನು ಮಾಡಿದೆ. ಎರಡನೆಯದರ ಅರ್ಧಕ್ಕೆ ಆ ನಿಶ್ಶಬ್ದ ನನ್ನ ಕಿವಿಯೊಳಗೆ ಹತ್ತಿಯ ಹಾಗೆ ತುರುಕಿಕೊಂಡಿತು. ಕೈ ನಿಂತಿತು. ಪೆನ್ನಿನ ತುದಿ ಒಂದೇ ಚುಕ್ಕೆಯ ಮೇಲೆ ಕೂತು, ಶಾಯಿ ಹರಡಿ, ಚುಕ್ಕೆ ಜೇಡದಷ್ಟಾಯಿತು.

ಮೇಷ್ಟ್ರು ಮೆಲ್ಲನೆ ಹಾಳೆ ಎಳೆದುಕೊಂಡರು. "ಹೋಗ್ಲಿ ಬಿಡು. ನಾನು ಯಾರಿಗೂ ದೂರು ಕೊಡಲ್ಲ."

ನನ್ನ ಮೇಲೆ ದಯೆ ತೋರಿಸಿದರು! ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

"ನನ್ನ ಪ್ರಶ್ನೆಪತ್ರಿಕೆ ಮನೇಲಿದೆ" ಎಂದೆ. "ಬಿಡಿಸಿದ್ದೆಲ್ಲ ಅದರಲ್ಲೇ ಇದೆ. ತರ್ತೀನಿ."

"ನಾಲ್ಕೂವರೆವರೆಗೆ ಇರ್ತೀನಿ."

ಶಾಲೆ ಬಿಡುವ ಗಂಟೆ ಹೊಡೆದದ್ದೇ ತಡ, ಎರಡು ಬೀದಿ ಒಂದೇ ಉಸಿರಿಗೆ ಓಡಿದೆ. ಮೇಜಿನ ಕೆಳಗೆ ನನ್ನ ಪುಸ್ತಕಗಳಿದ್ದವು, ಪ್ರಶ್ನೆಪತ್ರಿಕೆ ಇರಲಿಲ್ಲ.

"ಅಮ್ಮಾ, ಇಲ್ಲೊಂದು ದೊಡ್ಡ ಹಾಳೆ ಇತ್ತಲ್ಲ, ಅಚ್ಚು ಹಾಕಿದ್ದು?"

ಅಮ್ಮನ ಕಾಲು ಮಿಷನ್ನಿನ ಮೇಲೆ ನಿಂತಿತು. ನಮ್ಮ ಮನೆಯಲ್ಲಿ ಕಾಗದ ಕಾಗದವಾಗಿ ಹೆಚ್ಚು ದಿನ ಉಳಿಯುವುದಿಲ್ಲ. ಮದುವೆಯ ಕರೆಯೋಲೆ ತೋಳಾಗುತ್ತದೆ, ಪತ್ರಿಕೆಯ ಪುರವಣಿ ಲಂಗದ ನೆರಿಗೆಯಾಗುತ್ತದೆ. ಅಮ್ಮ ಗೋಡೆಯ ಮೊಳೆಯಿಂದ ಒಂದು ಗೊಂಚಲು ತೆಗೆದಳು. ಮಗುವಿನ ಫ್ರಾಕಿನ ಅಳತೆಯ ಕಾಗದಗಳು. ಒಂದು ಕಾಲರು, ಎರಡು ಪುಟ್ಟ ತೋಳು, ಬೆನ್ನಿನ ಅರ್ಧ. ಕಾಲರಿನ ಮೇಲೆ ನನ್ನ ಅಕ್ಷರದಲ್ಲಿ ಮೂರನೆಯ ಲೆಕ್ಕ.

"ಕತ್ತರಿಸಿಬಿಟ್ಯಾ!" ನಾನು ಕಿರುಚಿದೆ. "ನನ್ನ ಪಂದ್ಯಾನೇ ಕತ್ತರಿಸಿ ಮೊಳೆಗೆ ನೇತುಹಾಕಿದ್ದೀಯಲ್ಲ! ನಾನು ಕಾಪಿ ಹೊಡೆದೆ ಅಂತಿದಾರೆ ಅಲ್ಲಿ!"

"ಏನಂದ್ರು?"

"ಕಾಪಿ ಹೊಡೆದೆ ಅಂತ."

ಅಮ್ಮ ಎದ್ದಳು. ಕತ್ತಿನಲ್ಲಿ ಟೇಪು, ಮಣಿಕಟ್ಟಿನಲ್ಲಿ ಪಿನ್ನುಗಳ ದಿಂಬು, ಚಪ್ಪಲಿ ಎಡದ್ದು ಬಲಕ್ಕೆ. "ಒಂದೂವರೆ ತಿಂಗಳು ನನ್ನ ಕಾಲ ಬುಡದಲ್ಲಿ ನಾಯಿ ಥರ ಮುದುಡ್ಕೊಂಡು ಓದಿದಾಳೆ ನನ್ನ ಮಗಳು. ಕಾಪಿಯಂತೆ ಕಾಪಿ! ನಡಿ."

"ಮಿಷನ್ನು ನಾನು ನೋಡ್ಕೋತೀನಿ, ಹೋಗ್ರೇ" ಎಂದಳು ಅಜ್ಜಿ.

ಸಿಬ್ಬಂದಿ ಕೊಠಡಿಯ ಮೇಜಿನ ಮೇಲಿದ್ದ ಪುಸ್ತಕಗಳನ್ನು ಅಮ್ಮ ಕೇಳದೆಯೇ ಪಕ್ಕಕ್ಕೆ ಸರಿಸಿದಳು. ಬೆನ್ನಿಗೆ ತೋಳು, ತೋಳಿಗೆ ಕಾಲರು ಸೇರಿಸಿ ಪಿನ್ನು ಚುಚ್ಚುತ್ತಾ ಹೋದಳು. ಎರಡು ನಿಮಿಷದಲ್ಲಿ ಫ್ರಾಕು ಹೋಗಿ ಪ್ರಶ್ನೆಪತ್ರಿಕೆಯಾಯಿತು. ಕಂಕುಳ ಕತ್ತರಿಸಿದ ಜಾಗದಲ್ಲಿ ಮಾತ್ರ ಎರಡು ಅರ್ಧಚಂದ್ರ ತೂತು.

"ಓದಿ ಸಾರ್. ತೂತಲ್ಲಿ ಏನಿತ್ತು ಅಂತ ನನ್ನ ಮಗಳು ಹೇಳ್ತಾಳೆ."

ಮೇಷ್ಟ್ರು ಓದಿದರು. ಬೆರಳಿಟ್ಟು, ಸಾಲು ಸಾಲಾಗಿ, ಉತ್ತರಪತ್ರಿಕೆಯ ಪಕ್ಕ ಇಟ್ಟು ಓದಿದರು. ತೂತಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಅಷ್ಟರಲ್ಲಿ ಅಮ್ಮ ಪಕ್ಕದ ಮೇಡಂ ಜೊತೆ ಶಾಲೆಯ ಸಮವಸ್ತ್ರದ ಹೊಲಿಗೆ ಎಷ್ಟು ಕಳಪೆಯೆಂದು ಜಗಳ ತೆಗೆದಿದ್ದಳು. ಆ ಗದ್ದಲದಲ್ಲಿ ನಾನು ಎರಡಕ್ಕೂ ಪಟಪಟನೆ ಉತ್ತರಿಸಿದೆ. ಮಧ್ಯಾಹ್ನ ಸತ್ತುಹೋದ ಎರಡನೆಯ ಲೆಕ್ಕವೂ ತಾನಾಗಿ ಬಾಯಿಗೆ ಬಂತು. ಅದನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಬೆರಗು.

ಮೇಷ್ಟ್ರು ಕೆಂಪು ವಾಕ್ಯವನ್ನು ಹೊಡೆದುಹಾಕಿ, ಪಾಸಾಗಿದ್ದಾಳೆಂದು ಒಂದು ಚೀಟಿ ಬರೆದು, ಸಹಿ ಮಾಡಿ, "ಸರಿ ಇದೆ" ಎಂದರು.

ಸರಿ ಇದೆ. ಅಷ್ಟೇ! ನಲವತ್ತು ಜನರ ಎದುರು ಕಳ್ಳಿ ಎನ್ನಲು ಬಾಯಿತ್ತು, ಆರು ಜನರ ಎದುರು ತಪ್ಪಾಯಿತು ಎನ್ನಲು ಇಲ್ಲ.

"ಆ ಚೀಟಿ ನೀವೇ ತಂದು ಕೋಚ್ ಮೇಡಂಗೆ ಕೊಡಿ ಸಾರ್" ಎಂದೆ. "ನಾನು ಕೊಟ್ರೆ ಅದೂ ಕಾಪಿ ಅಂತೀರಿ."

ಅವರ ಮುಖ ಕೆಂಪಾಯಿತು. ಆದರೆ ಎದ್ದು ಬಂದರು.

ಅಂಗಳದಲ್ಲಿ ಕೋಚ್ ಮೇಡಂ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದರು. ಐದಕ್ಕೆ ಹತ್ತು ನಿಮಿಷ ಇತ್ತು. ಚೀಟಿ ನೋಡಿ ಒಂದು ಚೆಂಡು ಹೊರತೆಗೆದರು. "ಒಂದೇ ಅವಕಾಶ. ಸಾರ್, ನೀವೇ ಎಣಿಸ್ತೀರಾ? ನಿಮ್ಮ ಎಣಿಕೆ ತಪ್ಪಲ್ಲ."

"ಇವತ್ತು ಒಂದು ತಪ್ಪಿದೆ" ಎಂದಳು ಅಮ್ಮ.

ಗೆರೆಯ ಮೇಲೆ ನಿಂತೆ. ತಂಡ ಸುತ್ತ ನಿಂತಿತು. ಉಸಿರು ಬಿಗಿಹಿಡಿಯಿತು. ಅದೇ ಹಾಳು ಮೌನ ನೆಲದಿಂದ ಏಳತೊಡಗಿತು. ಪಾದ, ಮೊಣಕಾಲು, ಇನ್ನೇನು ಮಣಿಕಟ್ಟು. ಆಗ ನನಗೆ ಮೊಳೆ ಹೊಡೆಯುವ ಸದ್ದು ನೆನಪಾಯಿತು. ಮಿಷನ್ನಿನ ಕಟಕಟ ನೆನಪಾಯಿತು. ಈಗಷ್ಟೇ ಗದ್ದಲದಲ್ಲಿ ಬಾಯಿಗೆ ಬಂದ ಲೆಕ್ಕ ನೆನಪಾಯಿತು.

"ಯಾಕೆ ಎಲ್ರೂ ಸತ್ತೋರ ಮನೆ ಥರ ನಿಂತಿದ್ದೀರಾ!" ನಾನು ಕೂಗಿದೆ. "ಮಾತಾಡ್ರೇ! ಅಮ್ಮಾ, ಬೈಯಿ!"

"ಏನು?"

"ನನ್ನನ್ನ ಬೈಯಿ. ಮನೇಲಿ ಬೈತೀಯಲ್ಲ, ಹಾಗೆ. ನಿಲ್ಲಿಸ್ಬೇಡ."

ಅಮ್ಮನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. "ಬೈಯೋಕೆ ಕಾರಣ ಬೇರೆ ಬೇಕಾ ನಿಂಗೆ! ಒದ್ದೆ ಟವೆಲ್ಲು ಹಾಸಿಗೆ ಮೇಲೆ ಬಿಸಾಕಿ ಬಂದಿದ್ದೀಯ ಬೆಳಿಗ್ಗೆ..."

"ಒಂದು" ಎಂದರು ಮೇಷ್ಟ್ರು.

"...ಉಂಡ ತಟ್ಟೆ ಎತ್ತಿಡೋಕೆ ಕೈಗೇನು ಬಂದಿದೆ ಧಾಡಿ..."

"ಎರಡು."

"...ಹೋದ ತಿಂಗಳು ಉದ್ದ ಬಿಟ್ಟಿದ್ದ ಚಡ್ಡಿ ಈ ತಿಂಗಳು ಗಿಡ್ಡ. ಬೆಳೆಯೋಕೆ ಮಾತ್ರ ಸೋಮಾರಿತನ ಇಲ್ಲ..."

"ಮೂರು. ನಾಲ್ಕು."

ಗುಂಡುಪಿನ್ನಿಗೆ ಹುರುಪು ಬಂತು. "ನನ್ನ ನೀರಿನ ಬಾಟಲಿ ವಾಪಸ್ ಕೊಟ್ಟಿಲ್ಲ ಕಣೇ ಏಣಿ, ಎರಡು ವಾರ ಆಯ್ತು!"

"ಐದು."

"ಹಾಗೇ ಬೈಯಿ, ಬೈಯಿ" ಎಂದಳು ಅಮ್ಮ ಅವಳಿಗೆ. ಆಮೇಲೆ ತಂಡವೇ ಶುರು ಹಚ್ಚಿಕೊಂಡಿತು. ನನ್ನ ಗೊರಕೆ, ನನ್ನ ಹಗಲುಗನಸು, ಬಸ್ಸಿನಲ್ಲಿ ಬ್ಯಾಗು ಮರೆತದ್ದು. ಆರು ಬಿತ್ತು. ಏಳು ಬಿತ್ತು. ಎಂಟನೆಯದು ಬಳೆಯ ಅಂಚಿಗೆ ಬಡಿದು, ಒಂದು ಸುತ್ತು ಸುತ್ತಿ, ಬೇಡ ಬೇಡವೆನ್ನುತ್ತಲೇ ಒಳಗಿಳಿಯಿತು. ಸಿಟ್ಟು ಇಳಿದಿರಲಿಲ್ಲ. ಕೆಂಡದ ಹಾಗೆ ಎದೆಯಲ್ಲೇ ಇತ್ತು, ಆದರೆ ಕೈಗೆ ಬರಲಿಲ್ಲ. ಕೈ ಮನೆಯಲ್ಲಿತ್ತು, ಮೇಜಿನ ಕೆಳಗೆ.

"ಒಂಬತ್ತು" ಎಂದರು ಮೇಷ್ಟ್ರು. ಚೆಂಡು ಅವರ ಕಾಲ ಬಳಿಗೇ ಉರುಳಿತ್ತು. ಎತ್ತಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. "ನಾನೂ ಒಂದು ಮಾತು ಹೇಳ್ಲಾ?"

"ಬೈಯೋದಾದ್ರೆ ಹೇಳಿ ಸಾರ್."

"ಬೈಯೋದೇ. ನನ್ನನ್ನೇ." ಕೊರಳು ಸರಿಮಾಡಿಕೊಂಡು, ಇಡೀ ಅಂಗಳಕ್ಕೆ ಕೇಳುವ ಹಾಗೆ, "ನೋಡದೆ ಬರೆದೆ. ತಪ್ಪು ನನ್ನದು. ನಾಳೆ ತರಗತೀಲೂ ಹೇಳ್ತೀನಿ" ಎಂದರು.

ಗದ್ದಲ ಥಟ್ಟನೆ ನಿಂತಿತು. ಎಲ್ಲರೂ ಅವರನ್ನೇ ನೋಡಿದರು. ಪೂರ್ತಿ, ಗಟ್ಟಿ, ಸೂಜಿ ಬಿದ್ದರೂ ಕೇಳಿಸುವಂಥ ಮೌನ.

ಆ ಮೌನದೊಳಗೆ ನಾನು ಚೆಂಡು ಎತ್ತಿದೆ. ಒಳಗೆಲ್ಲೋ ಮಿಷನ್ನು ಕಟಕಟ ಓಡುತ್ತಲೇ ಇತ್ತು, ಅಜ್ಜಿ ಸೂಜಿ ಚಾಚಿಕೊಂಡು ಕೂತಿದ್ದಳು. ಮಣಿಕಟ್ಟು ಬಾಗಿತು. ಚೆಂಡು ಮೇಲೇರಿ, ರಾಜನ ಗೋಡೆಯ ಹತ್ತಿರ ಒಂದು ಗಳಿಗೆ ತಡೆದು, ಅಂಚನ್ನೂ ಮುಟ್ಟದೆ ಬುಟ್ಟಿಯ ತುಂಬ ತುಂಬಿಕೊಂಡು ಕೆಳಗಿಳಿಯಿತು.

"ಹತ್ತು."