ಆ ವಿಂಡೋ ಮುಚ್ಚಬೇಡ

೧.
ಈ ಕಥೆ ಎಲ್ಲಿಂದ ಶುರು ಮಾಡಲಿ? ಮೊದಲೇ ಹೇಳಿಬಿಡ್ತೀನಿ, ಎಲ್ಲ ಸರಿಹೋಗುತ್ತೆ. ನಿಮ್ಮನ್ನ ತುದಿಗಾಲಲ್ಲಿ ನಿಲ್ಲಿಸೋ ಶಕ್ತಿ ನನಗಿಲ್ಲ. ಬೆಳಗ್ಗೆಯಿಂದ ನಾನೇ ಹಾಗೆ ನಿಂತು ಸುಸ್ತಾಗಿದೀನಿ.

೨.
ಮೊದಲ ಕರಡು: "ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಲಿನಕ್ಸ್ ಕಂಪ್ಯೂಟರೊಂದು ಮೌನವಾಗಿ ಅಳುತ್ತಿತ್ತು." (ಥೂ! ಕಿತ್ತುಹಾಕಿದೆ.)

ನಡೆದದ್ದು ಇಷ್ಟು. ಕ್ಲಿನಿಕ್ ನಮ್ಮ ಅತ್ತಿಗೆಯದು. ನಿನ್ನೆ ಕಂಪ್ಯೂಟರ್ ಅಪ್‌ಡೇಟ್ ಆಯ್ತು, ಇವತ್ತು ಪರೀಕ್ಷೆಯ ಪ್ರೋಗ್ರಾಮ್ ಏಳಲೇ ಇಲ್ಲ. ಶಬ್ದ ಹೊರಡಿಸೋಕೆ ಅದಕ್ಕೊಂದು ಸಹಾಯಕ ಫೈಲು ಬೇಕು, ಲೈಬ್ರರಿ ಅಂತಾರೆ ಅದಕ್ಕೆ. ಅದೇ ಹೆಸರಿನದು ಎರಡು ಕಡೆ ಇತ್ತು: ಸಿಸ್ಟಮ್ ಜಾಗದಲ್ಲಿ ಹೊಸದು, ಇರಬಾರದ ಫೋಲ್ಡರಿನಲ್ಲಿ ಹಳೇದು. ಪ್ರೋಗ್ರಾಮಿನ ಕೈಗೆ ಮೊದಲು ಸಿಗ್ತಿದ್ದದ್ದು ಹಳೇದು, ಅಪ್‌ಡೇಟ್ ಆದಮೇಲೆ ಅದು ಹೊಂದ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಒಬ್ಬ ತಾಯಿ, ತೊಡೆ ಮೇಲೆ ಹತ್ತು ತಿಂಗಳ ಮಗು. "ಪಾತ್ರೆ ಬಿದ್ರೂ ಬೆಚ್ಚಲ್ಲ ಮೇಡಂ ಇದು. ಕಿವಿ ಕೇಳುತ್ತೋ ಇಲ್ವೋ ಹೇಳಿಬಿಡಿ, ನನಗೆ ನಿದ್ದೆಯೇ ಇಲ್ಲ."

(ಹಳೇ ಪ್ರತಿಯನ್ನ ಅಲ್ಲಿ ತುರುಕಿದ ಮಹಾನುಭಾವ ಯಾರು? ಎರಡು ವರ್ಷದ ಹಿಂದೆ "ಸುಮ್ನಿರಿ ಅತ್ತಿಗೆ, ಐದು ನಿಮಿಷದ ಕೆಲಸ" ಅಂದವನು. ಅವನೇ ಈಗ ನಿಮಗೆ ಕಥೆ ಹೇಳ್ತಿರೋದು.)

೩.
ಇಲ್ಲಿ ರೋಚಕವಾಗಿ ಬರೆದೆ: "ನಡುಗುವ ಬೆರಳುಗಳಿಂದ ಹಳೆಯ ಫೈಲುಗಳನ್ನೆಲ್ಲ ಅಳಿಸಿದ."

ಪುಟದೊಳಗಿಂದಲೇ ಅತ್ತಿಗೆ ಗದರಿದರು. "ಅಳಿಸಿದ ಅಂತ ಯಾಕೋ ಬರೀತೀಯಾ? ತಪ್ಪಿ ಬೇಕಾದದ್ದೇ ಹೋದ್ರೆ ಇಡೀ ಕಂಪ್ಯೂಟರ್ ಮಲಗುತ್ತೆ. ಪಕ್ಕಕ್ಕಿಟ್ಟ ಅಂತ ಬರಿ."

"ಕಥೆಗೆ ಸ್ವಲ್ಪ ಖಾರ ಬೇಡ್ವಾ ಅತ್ತಿಗೆ?"

"ನಿನ್ನ ಖಾರಕ್ಕೆ ಆ ಮಗು ಕಾಯ್ಬೇಕಾ?"

ತೆಪ್ಪಗೆ ತಿದ್ದಿದೆ. ಯಾವ ಫೈಲು ಸಿಸ್ಟಮಿನದು, ಯಾವುದಕ್ಕೆ ಹೇಳೋರು ಕೇಳೋರಿಲ್ಲ ಅಂತ ಒಂದೊಂದಾಗಿ ನೋಡಿದೆ. ದಿಕ್ಕಿಲ್ಲದವು ಹನ್ನೊಂದು ಸಿಕ್ಕವು, ಎಲ್ಲ ನಾನು ಹಾಕಿದವೇ. ಹನ್ನೊಂದನ್ನೂ 'ಹಳೇದು' ಅನ್ನೋ ಫೋಲ್ಡರಿಗೆ ಸಾಗಿಸಿ, ಲೈಬ್ರರಿಗಳ ಪಟ್ಟಿಯನ್ನ ಹೊಸದಾಗಿ ಕಟ್ಟಿಸಿದೆ. ಪ್ರೋಗ್ರಾಮ್ ಎದ್ದಿತು. ಅಬ್ಬಾ, ಹೋದ ಜೀವ ಬಂತು!

೪.
ಅಂತ್ಯ ಒಂದು: ಮಗುವಿಗೆ ಕೇಳಲಿಲ್ಲ. (ಬರೆದೆ. ಓದೋಕಾಗಲಿಲ್ಲ. ಅದನ್ನೂ 'ಹಳೇದು' ಫೋಲ್ಡರಿಗೆ ಹಾಕಿದೆ.)

ಅಂತ್ಯ ಎರಡು: ಎಡಗಡೆ ಸ್ಪೀಕರಿನಲ್ಲಿ ಸಣ್ಣ ಶಬ್ದ. ಮಗು ಗೊಂಬೆ ಬಿಟ್ಟು ಎಡಕ್ಕೆ ತಿರುಗಿತು. ಆಮೇಲೆ ಬಲಕ್ಕೆ. ತಾಯಿ ಗೊಳೋ ಅಂತ ಅತ್ತುಬಿಟ್ಟಳು.

"ಚೆನ್ನಾಗಿ ಕೇಳುತ್ತೆ ಕಣಮ್ಮ," ಅಂದ್ರು ಅತ್ತಿಗೆ. "ನಿಮ್ಮ ಪಾತ್ರೆಗೆ ಕ್ಯಾರೇ ಅನ್ನಲ್ಲ, ಅಷ್ಟೇ."

ನಡೆದದ್ದು ಇದೇ. ಇಲ್ಲಿಗೆ ಮುಗಿಸೋಣ ಅಂತ, ರಿಪೇರಿ ಮಾಡ್ತಿದ್ದ ವಿಂಡೋ ಮುಚ್ಚೋಕೆ ಮೌಸ್ ಹಿಡಿದೆ. ಅತ್ತಿಗೆ ಕೂಗಿದ್ರು:

"ಆ ವಿಂಡೋ ಮುಚ್ಚಬೇಡ! ಹೋದ ಸಲ ಮುಚ್ಚಿ, ವಾಪಸ್ ಕಂಪ್ಯೂಟರಿನ ಒಳಗೆ ಹೋಗೋಕಾಗದೆ ಹಲ್ಲು ಕಿರಿದೆಯಲ್ಲ? ಮೊದಲು ಇನ್ನೊಂದು ವಿಂಡೋದಿಂದ ಲಾಗಿನ್ ಆಗುತ್ತಾ ನೋಡು."

ನೋಡ್ತಾ ಇದೀನಿ. ಪರೀಕ್ಷೆ ಕೋಣೆಯ ಗಾಜಿನಾಚೆ ಆ ತಾಯಿ ಮಗುವಿನ ಹೆಸರನ್ನ ಮತ್ತೆ ಮತ್ತೆ ಕರೀತಿದಾಳೆ. ಮಗು ಮನಸ್ಸು ಬಂದಾಗ ತಿರುಗ್ತಿದೆ. ಅವಳು ಕರೆಯೋದು ನಿಲ್ಲಿಸೋವರೆಗೂ ನಾನು ಏನನ್ನೂ ಮುಚ್ಚಲ್ಲ.