ಬಲೆ ಎಳೆಯುವ ಜಾಗ

ಕಳೆದ ಮಳೆಗಾಲ ಮರವಂತೆಯ ನಮ್ಮ ಅಡುಗೆಮನೆ ಸಮುದ್ರದ ಪಾಲಾಯಿತು. ಉಳಿದದ್ದು ಎರಡು ಕೋಣೆ. ನೋಡಲು ಬಂದವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಆಮೇಲೂ ಏನೂ ಬರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಬಡಿಸಿದ್ದನ್ನು ಉಣ್ಣುತ್ತಿದ್ದೆ.

ಆ ಹೊತ್ತಿಗೆ ನಮ್ಮ ಸೌಮ್ಯಶ್ರೀ ಟೀಚರ್ ಅಡುಂಬಿನ ಬಳ್ಳಿಯ ಹುಚ್ಚು ಹತ್ತಿಸಿಕೊಂಡರು. ಕಡಲ ದಡದಲ್ಲಿ ತಾನಾಗಿ ಹಬ್ಬುವ ಬಳ್ಳಿ ಅದು, ಬೇರುಬಿಟ್ಟರೆ ಮರಳನ್ನು ಹಿಡಿದುಕೊಳ್ಳುತ್ತದೆ. ತುಂಡುಗಳನ್ನು ತಂದು ಕಾಲೇಜಿನ ಹಿಂದೆ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಚಿಗುರಿಸಿದೆವು. ಕಡಲ್ಕೊರೆತ ತಡೆಯಲೆಂದು ದಡದುದ್ದಕ್ಕೂ ಬಂಡೆಗಲ್ಲು ಸುರಿದಿದ್ದಾರೆ. ಬರಿಯ ಮರಳು ಉಳಿದದ್ದು ನಮ್ಮ ಮನೆಯ ಮುಂದೆ ಮಾತ್ರ. ಅಲ್ಲೇ ನೆಟ್ಟೆವು.

"ಇದು ನಿಂತರೆ ನಿಮ್ಮ ಮನೆಯೂ ನಿಲ್ಲುತ್ತದೆ ಅಕ್ಷಿತಾ" ಎಂದರು ಟೀಚರ್. ಅವರ ಮನೆ ಕಡಲಿಂದ ದೂರದ ಹಾಲಾಡಿಯಲ್ಲಿ, ಹೇಳುವುದು ಸುಲಭ. ನಾನು ತಲೆಯಾಡಿಸಿದೆ.

ಅಪ್ಪ ನಕ್ಕರು. "ಕಡ್ಲಿಗೆ ಸೊಪ್ಪಿನ್ ಬೇಲಿಯಾ? ಒಳ್ಳೆ ಮಕ್ಳ್ ನೀವ್!"

ಆದರೆ ದಿನಾ ಬೆಳಿಗ್ಗೆ ಬಾವಿಯ ನೀರು ಸೇದಿ ಬಳ್ಳಿಗೆ ಹಾಕುತ್ತಿದ್ದವರು ಅವರೇ. ಅಮ್ಮ ಕಂಡುಹಿಡಿದಾಗ, "ಕೊಡಪಾನ ತೊಳೂಕ್ ಬಂದದ್ದ್" ಎಂದು ಮುಖ ತಿರುಗಿಸಿದರು. ಬಳ್ಳಿ ಹಬ್ಬಿತು, ನೇರಳೆ ಹೂ ಬಿಟ್ಟಿತು. ಎಲ್ಲರೂ ಫೋಟೊ ತೆಗೆದರು. ನಾನೂ ನಿಂತೆ.

ಆ ವರ್ಷ ಮೀನು ದಡದ ಹತ್ತಿರ ಸುಳಿದಿರಲೇ ಇಲ್ಲ. ಕೈರಂಪಣಿ ಬಲೆ ಚಪ್ಪರದಡಿ ಬಿದ್ದಿತ್ತು. ದೋಣಿಯಲ್ಲಿ ಸುತ್ತು ಹಾಕಿ ಬಿಡುವ ದೊಡ್ಡ ಬಲೆ; ಎರಡು ತುದಿಯ ಹಗ್ಗವನ್ನು ಊರವರೆಲ್ಲ ಸೇರಿ ದಡಕ್ಕೆ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲು. ಬಲೆ ಎಳೆಯುವುದಕ್ಕೂ ಬರಿಯ ಮರಳೇ ಬೇಕೆಂಬುದು ಇಷ್ಟು ಜನ ಬಲೆಯವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಲೆಯವರ ಮಗಳಾದ ನನಗೂ.

ಒಂದು ಭಾನುವಾರ ಸಂಜೆ ಮೀನಿನ ಹಿಂಡು ಬಂತು. ನೀರು ಕಪ್ಪಾಯಿತು. ದೋಣಿ ಹೋಯಿತು, ಬಲೆ ಬಿತ್ತು.

"ಹ್ವಾಯ್, ಬನ್ನಿ! ಬಲಿ ತುಂಬಿತ್ತ್!" ಪಕ್ಕದ ಮನೆಯ ವಿಶಾಲಣ್ಣ ಕೂಗಿದ. ಕೇರಿಯವರೆಲ್ಲ ಓಡಿ ಬಂದರು. ಹಗ್ಗ ಹಿಡಿದು ಹಿಂದೆ ಸರಿಯುತ್ತ ಬಂದವರು ಬಳ್ಳಿಯ ಅಂಚಿನಲ್ಲಿ ನಿಂತುಬಿಟ್ಟರು.

"ಕಲ್ಲ್ ಮೇಲ್ ಎಳದ್ರೆ ಬಲಿ ಹರ್ದ್ ಹೋತ್ತ್" ಎಂದ ವಿಶಾಲಣ್ಣ, ಯಾರನ್ನೂ ನೋಡದೆ.

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ನನ್ನನ್ನು ನೋಡಿದರು. ಅಲೆಯೊಳಗೆ ಬಲೆ ಹೊರಳಾಡುತ್ತಿತ್ತು. ಸ್ವಲ್ಪ ತಡವಾದರೂ ಅಷ್ಟೂ ಮೀನು ಕೈಬಿಟ್ಟು ಹೋಗುತ್ತಿತ್ತು.

"ಎಂತ ಮಾಡುದ್ ಮಗಾ?"

"ಎಳಿ ಅಪ್ಪಾ" ಎಂದು ನಾನೂ ಹಗ್ಗ ಹಿಡಿದೆ. ಹಿಮ್ಮಡಿ ಊರಿ ಎಳೆದೆ. ಕಾಲಡಿಯಲ್ಲಿ ಬಳ್ಳಿ ಪಟಪಟ ಕಿತ್ತು ಬಂತು. ಬಲೆ ಅದರ ಮೇಲೆ ಹಾದು ಉಳಿದದ್ದನ್ನೂ ಗುಡಿಸಿಕೊಂಡು ಬಂತು.

ಅಂಥ ಮೀನು ನಾವು ಕಾಣದೆ ವರ್ಷವಾಗಿತ್ತು. ಕೇರಿಯಲ್ಲಿ ಹಬ್ಬ. ಅಮ್ಮ ಬುಟ್ಟಿ ತುಂಬಿಕೊಂಡು ಪೇಟೆಗೆ ಓಡಿದರು.

ಎಲ್ಲರೂ ಹೋದ ಮೇಲೆ ಅಪ್ಪ ಮಂಡಿಯೂರಿ, ಜಜ್ಜಿಹೋದ ಒಂದು ತುಂಡನ್ನು ಮರಳಿಗೆ ಊರುತ್ತಿದ್ದರು. ಪಕ್ಕದಲ್ಲಿ ಕೊಡಪಾನ.

"ಬಿಡಿ ಅಪ್ಪಾ. ನಾಳೆಯೂ ಇಲ್ಲೇ ಎಳೀಬೇಕಲ್ಲ?"

"ನಾಳೆದ್ ನಾಳೆಗೆ" ಎಂದು ಅವರು ಮತ್ತೊಂದು ತುಂಡು ಹುಡುಕಿದರು.

ಮುಂದಿನ ಮಳೆಗಾಲಕ್ಕೆ ಕಾಯದೆ, ನಾನು ಒಳಗೆ ಹೋಗಿ ಪಾತ್ರೆಗಳನ್ನು ಗೋಣಿಗೆ ತುಂಬತೊಡಗಿದೆ.